ಎಡಗೈಯಲ್ಲಿ ಬರೆದ ಅನುಮಾನ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ತರಕಾರಿಯವಳು ತೂಕ ಹಾಕುವಾಗ ನಾನು ತರಕಾರಿ ನೋಡುವುದಿಲ್ಲ, ಅವಳ ಕೈ ನೋಡುತ್ತೇನೆ. ಮದುವೆಯಾಗಿ ಇಪ್ಪತ್ತಾರು ವರ್ಷ ಆಯಿತು, ಈಗಲೂ ನಮ್ಮ ಮನೆಯವರು ಬಾಗಿಲಿಗೆ ಚಿಲಕ ಹಾಕಿದೆ ಅಂದರೆ ಎದ್ದು ಹೋಗಿ ಒಂದು ಸಲ ಎಳೆದು ನೋಡಿ ಬರುತ್ತೇನೆ. "ನಿನ್ನ ಜೊತೆ ಸಂಸಾರ ಮಾಡೋದೂ ಒಂದೇ, ಪೊಲೀಸ್ ಠಾಣೇಲಿ ವಾಸ ಮಾಡೋದೂ ಒಂದೇ" ಅನ್ನುತ್ತಾರೆ ಪಾಪ. ಅನ್ನಲಿ. ಈ ಹಾಳು ಗುಣಕ್ಕೇ ನನಗೆ ಸಂಬಳ ಕೊಡುತ್ತಿದ್ದರು.

ನಮ್ಮದು ಡ್ರಿಪ್ ಯಂತ್ರ ಮಾಡುವ ಕಂಪನಿ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕದ ಕಂಬಕ್ಕೆ ಔಷಧಿಯ ಬಾಟಲಿ ತೂಗುಹಾಕಿರುತ್ತಾರಲ್ಲ, ಅದರ ಕೊಳವೆಗೆ ನಮ್ಮ ಅಂಗೈಯಗಲದ ಪೆಟ್ಟಿಗೆಯನ್ನು ಸಿಕ್ಕಿಸಿದರೆ ಆಯಿತು. ನಿಮಿಷಕ್ಕೆ ಎಷ್ಟು ಹನಿ ಬೀಳಬೇಕೋ ಅಷ್ಟನ್ನೇ ಎಣಿಸಿ ಬಿಡುತ್ತದೆ, ಏನಾದರೂ ಎಡವಟ್ಟಾದರೆ ಕೂಗಿ ನರ್ಸಮ್ಮನನ್ನು ಕರೆಯುತ್ತದೆ. ಕಟ್ಟಡದ ಕೊನೆಯ ಕೋಣೆಯಲ್ಲಿ, ಕೊನೆಯ ಮೇಜು ನನ್ನದು. ಮೇಜಿನ ಮೇಲೆ ಸಾಲಾಗಿ ಇಪ್ಪತ್ತನಾಲ್ಕು ನೀರಿನ ಬಾಟಲಿ, ಇಪ್ಪತ್ತನಾಲ್ಕು ಕೊಳವೆ, ಕೆಳಗೆ ಇಪ್ಪತ್ತನಾಲ್ಕು ಗಾಜಿನ ಲೋಟ, ಒಂದು ಪುಟ್ಟ ತಕ್ಕಡಿ. ಯಂತ್ರ ಅರವತ್ತು ಅಂದರೆ ನಾನೂ ಕಣ್ಣಲ್ಲಿ ಅರವತ್ತು ಎಣಿಸಬೇಕು, ಲೋಟದ ನೀರನ್ನು ತೂಗಬೇಕು, ಎರಡೂ ತಾಳೆಯಾದರೆ ಸಹಿ ಹಾಕಬೇಕು. ನನ್ನ ಸಹಿ ಇಲ್ಲದೆ ಒಂದೇ ಒಂದು ಪೆಟ್ಟಿಗೆ ಬಾಗಿಲು ದಾಟುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಎಣಿಸಿದ ಮೇಲೆ ಇನ್ನೊಬ್ಬರು ಎಣಿಸಿದ್ದಿಲ್ಲ.

ಕಂಪನಿ ಕಟ್ಟಿದವರು ನನ್ನ ಸ್ವಂತ ಅಕ್ಕನ ಗಂಡ. ಮನೆಯಲ್ಲಿ ಭಾವ, ಆಫೀಸಿನಲ್ಲಿ ಎಲ್ಲರಿಗೂ 'ದೊಡ್ಡವರು'. ಹೊರಗಿನ ಜಗತ್ತಿಗೆ ಅವರು ಮುಂದೆ ಆಗುವುದನ್ನು ಇಂದೇ ಕಾಣುವ ಮನುಷ್ಯ. ಯಾಕೆಂದರೆ ಪ್ರತಿ ಸೋಮವಾರ ಹತ್ತು ಗಂಟೆಗೆ ನಾವು ನೂರಹತ್ತು ಜನ ಕೆಳಗಿನ ಹಾಲಿನಲ್ಲಿ ಸೇರುತ್ತಿದ್ದೆವು, ಭಾವ ಮೆಟ್ಟಿಲ ಮೇಲೆ ನಿಂತು, ಕನ್ನಡಕ ತೆಗೆದು, ಒಂದು ಗಳಿಗೆ ಕಣ್ಣು ಮುಚ್ಚಿ ಹೇಳುತ್ತಿದ್ದರು: "ನನಗೊಂದು ಕಾಣಿಸ್ತು." ಚಳಿಯಲ್ಲಿ ಕೊಳವೆ ಬಿಗಿಯಾಗುತ್ತೆ, ನೋಡಿ ಅನ್ನುತ್ತಿದ್ದರು. ನೋಡಿದರೆ ಬಿಗಿಯಾಗುತ್ತಿತ್ತು! ಗಾಳಿಗುಳ್ಳೆಯನ್ನು ಯಂತ್ರ ಹನಿ ಅಂತ ಎಣಿಸುತ್ತೆ ಅನ್ನುತ್ತಿದ್ದರು. ಅದೂ ನಿಜವಾಗುತ್ತಿತ್ತು. ಬೇರೆ ಕಂಪನಿಗಳ ಯಂತ್ರಗಳು ಆಸ್ಪತ್ರೆಯಲ್ಲಿ ಕೈಕೊಟ್ಟು ಮರ್ಯಾದೆ ಕಳೆದುಕೊಳ್ಳುವಾಗ ನಮ್ಮದು ಕೆಡುವ ಮೊದಲೇ ರಿಪೇರಿಯಾಗಿರುತ್ತಿತ್ತು. ಹಾಗೆ ಬೆಳೆದ ಕಂಪನಿ ಇದು. ಜನ ಅವರನ್ನು ತಲೆಯ ಮೇಲೆ ಹೊತ್ತುಕೊಂಡು ಕುಣಿಯುತ್ತಿದ್ದರು.

ನಾನು ಮಾತ್ರ ಮೂಗು ಮುರಿಯುತ್ತಿದ್ದೆ. ಯಾಕೆ ಅಂತ ಹೇಳಬೇಕಾದರೆ ಡಬ್ಬಿಯ ವಿಷಯ ಹೇಳಬೇಕು.

ನಮ್ಮಲ್ಲೊಂದು ಪದ್ಧತಿ. ಶುಕ್ರವಾರ ಮಧ್ಯಾಹ್ನ ಪ್ರತಿಯೊಬ್ಬರೂ ಆ ವಾರ ತಮಗೆ ಬಂದ ಒಂದು ಅನುಮಾನವನ್ನು ಚೀಟಿಯಲ್ಲಿ ಬರೆದು ಸ್ಟೀಲಿನ ಡಬ್ಬಿಗೆ ಹಾಕಬೇಕು. ಹೆಸರು ಬರೆಯುವ ಹಾಗಿಲ್ಲ. ಅಕ್ಷರದ ಗುರುತು ಸಿಗಬಾರದೆಂದು ಎಲ್ಲರೂ ಎಡಗೈಯಲ್ಲೇ ಬರೆಯಬೇಕು, ಎಡಚರಾದವರು ಬಲಗೈಯಲ್ಲಿ. ಶುಕ್ರವಾರ ಊಟವಾದ ಮೇಲೆ ನೋಡಬೇಕು ನಮ್ಮ ಆಫೀಸನ್ನು! ದೊಡ್ಡ ದೊಡ್ಡ ಓದು ಓದಿದವರೆಲ್ಲ ನಾಲಿಗೆ ಕಚ್ಚಿಕೊಂಡು ಒಂದನೇ ತರಗತಿಯವರ ಹಾಗೆ ಅಕ್ಷರ ತಿದ್ದುತ್ತಾ ಕೂತಿರುತ್ತಿದ್ದರು. ಯಾರ ಮೇಲೆ, ಯಾವುದರ ಮೇಲೆ ಅನುಮಾನ ಬರೆದರೂ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ. ಆದರೆ ಒಂದೇ ಒಂದು ಕಟ್ಟುನಿಟ್ಟು: ನಿಜವಾಗಿ ಬಂದ ಅನುಮಾನವನ್ನೇ ಬರೆಯಬೇಕು. ಡಬ್ಬಿಯ ಬೀಗದ ಕೈ ಭಾವನ ಹತ್ತಿರ. ಅವರು ಓದಿ, ಪಟ್ಟಿ ಮಾಡಿಸಿ, ಮಂಗಳವಾರ ಗೋಡೆಗೆ ಅಂಟಿಸುತ್ತಿದ್ದರು.

ಪಟ್ಟಿಯಲ್ಲಿ ನನ್ನ ಚೀಟಿಗಳು ಒಮ್ಮೊಮ್ಮೆ ಇರುತ್ತಿರಲಿಲ್ಲ. ಮೊದಲು ನಾನು ಅದನ್ನು ಗಮನಿಸಲಿಲ್ಲ. ಆಮೇಲೆ ಒಂದು ಸೋಮವಾರ ಭಾವ ಕಣ್ಣು ಮುಚ್ಚಿ 'ಕಂಡದ್ದು' ನನ್ನ ಚೀಟಿಯಲ್ಲಿದ್ದ ಚಳಿಯ ಕೊಳವೆ. ಕಾಕತಾಳೀಯ ಇರಬಹುದು ಅಂದುಕೊಂಡೆ. ವರ್ಷದ ನಂತರ ಗಾಳಿಗುಳ್ಳೆ. ಅದೂ ನನ್ನದು! ಎರಡು ದಿನ ಕೂತು ಎಣಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಹಿಡಿದದ್ದು. ಹೇಳೋಣ ಅಂದರೆ ಯಾರಿಗೆ ಹೇಳುವುದು? ಹೆಸರಿಲ್ಲದ ಚೀಟಿಗೆ ಸಾಕ್ಷಿ ಎಲ್ಲಿ? ಅಕ್ಕನ ಹತ್ತಿರ ಮೆಲ್ಲಗೆ ಬಾಯಿಬಿಟ್ಟೆ.

"ಲೇ ಪುಟ್ಟಿ, ಅವ್ರು ಬೆಳಗಿನ ಜಾವ ಎದ್ದು ಸುಮ್ನೆ ಕೂತ್ಕೊಂಡಿರ್ತಾರೆ, ನಾನೇ ನೋಡಿದೀನಿ" ಅಂದಳು ಅಕ್ಕ. ಐವತ್ತು ದಾಟಿದರೂ ಅವಳಿಗೆ ನಾನಿನ್ನೂ ಪುಟ್ಟಿ. "ಏನೋ ಹೊಳೀತಿರುತ್ತೆ ಅವ್ರಿಗೆ. ನಿನಗ್ಯಾಕೆ ಹೊಟ್ಟೆಯುರಿ?"

"ಬೆಳಗಿನ ಜಾವ ಎದ್ದು ಕೂತ್ಕೊಳೋರೆಲ್ಲ ಋಷಿಗಳಾ? ನಮ್ಮ ಮನೆಯವರೂ ಕೂತ್ಕೋತಾರೆ, ಗ್ಯಾಸ್ಟ್ರಿಕ್ಕು" ಅಂದೆ. ಅಕ್ಕ ಎರಡು ವಾರ ಮಾತು ಬಿಟ್ಟಳು.

ಹೊಟ್ಟೆಯುರಿ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇತ್ತು. ಈ ವರ್ಷ ಒಂದು ಪತ್ರಿಕೆಯಲ್ಲಿ ಭಾವನ ಇಡೀ ಪುಟದ ಚಿತ್ರ ಬಂತು. ಗಾಳಿಗುಳ್ಳೆಯ ದೋಷ ತಮಗೆ ತೋಟದಲ್ಲಿ ಅಡ್ಡಾಡುವಾಗ ಹೇಗೆ 'ಹೊಳೆಯಿತು' ಎಂದು ಅವರೇ ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಊಟದ ಕೋಣೆಯ ಗೋಡೆಗೆ ಅದನ್ನು ಅಂಟಿಸಿದರು. ದಿನಾ ಅದರ ಎದುರು ಕೂತು ಊಟ ಮಾಡಬೇಕು ನಾನು! ಇವರನ್ನು ಹಿಡಿಯಲೇಬೇಕು ಅಂತ ತೀರ್ಮಾನ ಮಾಡಿದೆ.

ಹಿಡಿಯುವ ದಾರಿ ಬಹಳ ಸುಲಭವಿತ್ತು. ಆ ಶುಕ್ರವಾರ ಚೀಟಿಯಲ್ಲಿ ಒಂದು ಸುಳ್ಳು ಬರೆದೆ. 'ಬ್ಯಾಟರಿ ಮೂರನೇ ಒಂದು ಪಾಲಿಗೆ ಇಳಿದಿರುವಾಗ ಅಲಾರಾಂ ಕೂಗಿದರೆ ಯಂತ್ರದ ಎಣಿಕೆಯಲ್ಲಿ ಎರಡು ಹನಿ ತಪ್ಪುತ್ತದೆ.' ತಪ್ಪುವುದಿಲ್ಲ. ನಾನೇ ಅದನ್ನು ನಲವತ್ತು ಸಲ ಪರೀಕ್ಷೆ ಮಾಡಿದ್ದೆ, ಹೂವಿನ ಹಾಗೆ ಕೆಲಸ ಮಾಡುತ್ತಿತ್ತು. ಲೋಕದಲ್ಲಿ ಯಾರಿಗೂ ಕಾಣಿಸಲು ಸಾಧ್ಯವೇ ಇಲ್ಲದ್ದು ಭಾವನಿಗೆ ಕಾಣಿಸಿದರೆ ಕಳ್ಳತನ ಸಾಬೀತು. ಡಬ್ಬಿಗೆ ಹಾಕುವ ಮೊದಲು ನೋಡಿದರೆ ಅಕ್ಷರ ಎಂದಿಗಿಂತ ಸೊಟ್ಟಗಿತ್ತು. ಎಡಗೈಯಲ್ಲವೇ ಅಂದುಕೊಂಡೆ.

ಸೋಮವಾರ ಹತ್ತು ಗಂಟೆ. ಭಾವ ಕನ್ನಡಕ ತೆಗೆದರು, ಕಣ್ಣು ಮುಚ್ಚಿದರು.

"ನನಗೊಂದು ಕಾಣಿಸ್ತು. ಬ್ಯಾಟರಿ ಮೂರನೇ ಒಂದು ಪಾಲು ಇರೋವಾಗ ಅಲಾರಾಂ ಹೊಡೆದ್ರೆ..."

ಸಿಕ್ಕಿಬಿದ್ದರು! ಅಲ್ಲೇ ಎದ್ದು ಕೂಗಿಬಿಡಬೇಕು ಅನ್ನುವಷ್ಟರಲ್ಲಿ ಅವರ ಮುಂದಿನ ಮಾತು ಬಂತು. "ದೊಡ್ಡಾಸ್ಪತ್ರೆಗೆ ಕಳಿಸಬೇಕಾದ ಎಂಟುನೂರು ಪೆಟ್ಟಿಗೆ ನಿಲ್ಸಿ. ಇದು ಸರಿಯಾಗೋವರೆಗೂ ಒಂದೂ ಹೊರಗೆ ಹೋಗೋ ಹಾಗಿಲ್ಲ. ಮುಂದಿನ ಬುಧವಾರದೊಳಗೆ ಆಗ್ಬೇಕು, ಅವ್ರ ಹಳೇ ಯಂತ್ರಗಳು ಕೊನೇ ಉಸಿರಲ್ಲಿವೆ."

ನಾನು ಬಾಯಿ ಮುಚ್ಚಿಕೊಂಡೆ. ಒಂದೆರಡು ದಿನ ಹುಡುಕಲಿ, ಏನೂ ಸಿಗದೆ ಹೋಗಲಿ, ಆಗ ಎಲ್ಲರೆದುರು ಮುಖಭಂಗವಾಗುತ್ತದೆ ಅಂತ ಲೆಕ್ಕ ಹಾಕಿದೆ. ನನ್ನ ಲೆಕ್ಕದಲ್ಲಿ ಮೌನಿ ಇರಲಿಲ್ಲ.

ಎಣಿಕೆಯ ಪ್ರೋಗ್ರಾಂ ಬರೆದವನು ಮೌನಿ. ಅದು ನಾವಿಟ್ಟ ಹೆಸರು. ಮಾತಾಡಲು ಹೋದರೆ ತೊದಲುತ್ತಾನೆ, ಅದಕ್ಕೇ ಮಾತಾಡುವುದಿಲ್ಲ. ಒಂಬತ್ತು ಕಡೆ ಸಂದರ್ಶನದಲ್ಲೇ ಸಾಗಹಾಕಿದ್ದರಂತೆ. ಭಾವ ಮಾತ್ರ ಅವನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಕಂಪ್ಯೂಟರ್ ಮುಂದೆ ಕೂರಿಸಿ, "ಮಾಡಿ ತೋರ್ಸು ಸಾಕು" ಅಂದಿದ್ದರು. ಹತ್ತು ವರ್ಷದಿಂದ ಮಾಡಿ ತೋರಿಸುತ್ತಿದ್ದಾನೆ. ಭಾವ ಹಗಲನ್ನು ರಾತ್ರಿ ಅಂದರೆ ಇವನು ದೀಪ ಹಚ್ಚುತ್ತಾನೆ, ಅಂಥ ಭಕ್ತಿ.

ಗುರುವಾರ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದ. ಮೂರು ದಿನದ ಗಡ್ಡ, ಕಣ್ಣು ಗುಳಿಬಿದ್ದಿತ್ತು, ಆದರೆ ಮುಖದಲ್ಲಿ ಬೆಳಕು.

"ಸಿ... ಸಿಕ್ತು ಮೇಡಂ."

"ಏನು ಸಿಕ್ತು?"

"ದೊಡ್ಡವರು ಹೇಳಿದ್ದು. ಎರಡು ಹನಿ. ಮೊದ್ಲು ಕಾಣ್ಸ್ಲಿಲ್ಲ. ನಿನ್ನೆ ಕೂತು ನಾನೇ ಕಣ್ಣಲ್ಲಿ ಎಣ್ಸ್ದೆ. ತಪ್ಪುತ್ತೆ. ಸರಿ ಮಾಡಿದೀನಿ."

ಇಲ್ಲದ್ದು ಇವನಿಗೆ ಹೇಗೆ ಸಿಕ್ಕಿತು? ಆ ಕ್ಷಣಕ್ಕೆ, ನಂಬುತ್ತೀರೋ ಇಲ್ಲವೋ, ನನ್ನ ಸುಳ್ಳಿನ ಮೇಲೇ ನನಗೆ ಅನುಮಾನ ಬಂತು. ನಿಜವಾಗಿಯೂ ದೋಷ ಇದ್ದಿರಬಹುದೇ? ಭಾವನಿಗೆ ನಿಜಕ್ಕೂ ಏನಾದರೂ ಕಾಣುತ್ತದೆಯೇ? ಹಳೆಯ ಪ್ರೋಗ್ರಾಮಿನ ಪೆಟ್ಟಿಗೆ ತಂದು ಮತ್ತೆ ಪರೀಕ್ಷೆ ಮಾಡಿದೆ. ಎಣಿಸಿದೆ, ತೂಗಿದೆ. ಒಂದು ಹನಿಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆಮೇಲೆ ಅವನು 'ಸರಿ ಮಾಡಿದ' ಪೆಟ್ಟಿಗೆ. ಬ್ಯಾಟರಿ ಇಳಿಸಿ, ಅಲಾರಾಂ ಕೂಗಿಸಿ ನೋಡಿದರೆ ಯಂತ್ರ ಅರವತ್ತು ಅನ್ನುತ್ತಿದೆ, ಲೋಟದಲ್ಲಿ ಐವತ್ತೆಂಟು! ತಪ್ಪದ ಎರಡು ಹನಿಗಳನ್ನು ಇವನು ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದ. ಬ್ಯಾಟರಿ ಇಳಿದಾಗ ಅಲಾರಾಂ ಐದು ನಿಮಿಷಕ್ಕೊಮ್ಮೆ ಕೂಗುತ್ತದೆ, ಪ್ರತಿ ಕೂಗಿಗೂ ರೋಗಿಗೆ ಎರಡು ಹನಿ ಔಷಧಿ ಕಡಿಮೆ. ಹೃದಯದ ಔಷಧಿಯಾಗಿದ್ದರೆ? ಯಂತ್ರ ಎಲ್ಲ ಸರಿಯಿದೆ ಅನ್ನುತ್ತಾ ಇರುತ್ತದೆ, ನರ್ಸಮ್ಮ ನಂಬಿಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾಳೆ.

"ಇದು ತಪ್ಪು. ನೋಡು, ಐವತ್ತೆಂಟು" ಅಂದೆ.

ಮೌನಿ ಲೋಟ ನೋಡಿದ, ತಕ್ಕಡಿ ನೋಡಿದ. "ಹಾಗಾದ್ರೆ ಇ... ಇನ್ನೂ ಒಳಗೆ ಏನೋ ಇದೆ. ಮತ್ತೆ ನೋಡ್ತೀನಿ" ಅಂದ. ಹಳೆಯದಕ್ಕೇ ವಾಪಸ್ ಹೋಗು ಮಾರಾಯ ಅಂದರೆ ಗಾಬರಿಯಿಂದ ನೋಡಿದ. ದೊಡ್ಡವರು ಕೆಟ್ಟಿದೆ ಅಂದಿರುವ ಪ್ರೋಗ್ರಾಮಿಗೆ ವಾಪಸ್ಸೇ?

ನೇರ ಭಾವನ ಕೋಣೆಗೆ ಹೋದೆ. ಹಳೆಯದೇ ಸರಿ ಇದೆ, ನಾನು ಪರೀಕ್ಷೆ ಮಾಡಿದ್ದೇನೆ, ಇವನು ರಿಪೇರಿ ಮಾಡಲು ಹೋಗಿ ಕೆಡಿಸುತ್ತಿದ್ದಾನೆ ಅಂದೆ.

"ಎಷ್ಟು ಸಲ ಮಾಡಿದೀಯ?"

"ನಲವತ್ತೊಂದು ಸಲ ಸರ್."

"ನಲವತ್ತೆರಡನೇ ಸಲ ತಪ್ಪಬಹುದು. ಬೇಡ ಪುಟ್ಟಿ. ಹಳೇದು ಹೊರಗೆ ಹೋಗೋ ಹಾಗಿಲ್ಲ. ಅದರಲ್ಲಿ ದೋಷ ಇದೆ, ನನಗೆ ಗೊತ್ತು."

ಆ 'ಗೊತ್ತು' ಅನ್ನುವ ಮಾತಿನಲ್ಲಿದ್ದ ಗಟ್ಟಿತನ ನೋಡಿ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ನನ್ನ ಚೀಟಿಯ ಮುಂದೆ ನನ್ನ ಮಾತೇ ನಡೆಯಲಿಲ್ಲ. ನನ್ನ ಗುಂಡಿಯನ್ನು ನಾನೇ, ಅದೂ ಎಡಗೈಯಲ್ಲಿ, ತೋಡಿಕೊಂಡಿದ್ದೆ.

ಶುಕ್ರವಾರ, ಶನಿವಾರ ಮೌನಿ ಇನ್ನೂ ಎರಡು ಸಲ 'ಸರಿ ಮಾಡಿ' ತಂದ. ಒಂದರಲ್ಲಿ ಒಂದು ಹನಿ ಜಾಸ್ತಿ, ಇನ್ನೊಂದರಲ್ಲಿ ಅಲಾರಾಂ ಕೂಗುವುದೇ ನಿಂತುಹೋಯಿತು. ಚೆನ್ನಾಗಿದ್ದ ಯಂತ್ರ ದಿನದಿಂದ ದಿನಕ್ಕೆ ಹಾಳಾಗುತ್ತಿತ್ತು. ಸಹಿ ಹಾಕಿದರೆ ಎಂಟುನೂರು ಹಾಸಿಗೆಯ ಪಕ್ಕ ಕೆಟ್ಟ ಪೆಟ್ಟಿಗೆ ಕೂರುತ್ತದೆ. ಹಾಕದಿದ್ದರೆ ಆಸ್ಪತ್ರೆಯಲ್ಲಿ ಸಾಯುತ್ತಿರುವ ಹಳೆಯ ಪೆಟ್ಟಿಗೆಗಳೇ ಗತಿ. ಚೀಟಿ ಸುಳ್ಳು ಅಂತ ಒಪ್ಪಿಕೊಂಡರೆ ಮಾತ್ರ ಒಳ್ಳೆಯ ಪೆಟ್ಟಿಗೆ ಬಾಗಿಲು ದಾಟುತ್ತದೆ, ಆದರೆ ಆ ದಿನವೇ ನನ್ನ ಮೇಜು ಹೋಗುತ್ತದೆ. ಡಬ್ಬಿಗೆ ಸುಳ್ಳು ಹಾಕಿದವಳಿಗೆ ಯಾರು ಸಹಿ ಹಾಕಲು ಬಿಡುತ್ತಾರೆ? ಭಾನುವಾರ ಮನೆಯವರಿಗೆ ಎಲ್ಲ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. "ಬೇರೆಯವರು ಹಾಕಿದ ಚಿಲಕನೆಲ್ಲ ಎಳೆದು ನೋಡ್ತೀಯ, ನೀನು ಹಾಕಿದ್ದನ್ನ ಮಾತ್ರ ನೋಡ್ಲಿಲ್ಲ ಕಣೇ" ಅಂದರು. ಅತ್ತುಬಿಟ್ಟೆ.

ಸೋಮವಾರ ಭಾವ ಕನ್ನಡಕಕ್ಕೆ ಕೈ ಹಾಕುವ ಮೊದಲೇ ನಾನು ಮೆಟ್ಟಿಲ ಹತ್ತಿರ ಹೋಗಿ ನಿಂತೆ.

"ಬ್ಯಾಟರಿಯ ದೋಷ ಸುಳ್ಳು. ಆ ಚೀಟಿ ಬರೆದೋಳು ನಾನು. ಬೇಕಂತಲೇ ಬರೆದೆ. ಚೀಟೀಲಿರೋದನ್ನೇ ಕದ್ದು ಕಾಣಿಸ್ತು ಅಂತಾರೆ ಅಂತ ಅನುಮಾನ ಇತ್ತು, ಹಿಡಿಯೋಣ ಅಂತ ಬರೆದೆ. ಹಳೇ ಪ್ರೋಗ್ರಾಮಲ್ಲಿ ಏನೂ ತಪ್ಪಿಲ್ಲ."

ನೂರಹತ್ತು ಜನ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಹಿಂದಿನಿಂದ ಯಾರೋ "ಅಕ್ಕನ ಮೇಲಿನ ಹೊಟ್ಟೆಕಿಚ್ಚು" ಅಂದದ್ದು ಕೇಳಿಸಿತು. ಮೌನಿ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಹತ್ತು ವರ್ಷದಲ್ಲಿ ಮೊದಲ ಸಲ ಅವನು ಎಲ್ಲರೆದುರು ಮಾತಾಡಿದ.

"ಇ... ಇಲ್ಲ. ದೋಷ ಇದೆ. ನಾನು ನೋಡ್ದೆ. ನನ್ನ ಕಣ್ಣಾರೆ ನೋ... ನೋಡ್ದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಭಯವಾದದ್ದು. ದೊಡ್ಡವರು ಇದೆ ಅಂದದ್ದನ್ನು ಅವನು ನಿಜವಾಗಿಯೂ ನೋಡಿದ್ದ. ಆ ಹಾಲಿನಲ್ಲಿ ನನ್ನನ್ನು ನಂಬುವವರು ಒಬ್ಬರೂ ಇರಲಿಲ್ಲ. ಭಾವ "ಇವಳಿಗೆ ಹುಷಾರಿಲ್ಲ" ಅಂತ ಒಂದು ಮಾತು ಅಂದಿದ್ದರೂ ಸಾಕಿತ್ತು, ಕಥೆ ಮುಗಿಯುತ್ತಿತ್ತು. ಅನ್ನುತ್ತಾರೆ ಅಂತಲೇ ಕಾಯುತ್ತಿದ್ದೆ.

ಭಾವ ರೇಲಿಂಗ್ ಹಿಡಿದುಕೊಂಡು ಒಂದು ಮೆಟ್ಟಿಲು ಕೆಳಗಿಳಿದರು.

"ಅವಳು ಹೇಳೋದು ನಿಜ" ಅಂದರು. "ನನಗೇನೂ ಕಾಣಿಸಿರ್ಲಿಲ್ಲ. ಯಾವತ್ತೂ ಏನೂ ಕಾಣಿಸಿಲ್ಲ. ನಾನು ಹೇಳಿದ್ದೆಲ್ಲ ನಿಮ್ಮ ಚೀಟಿಗಳೇ. ಹಳೇ ಪ್ರೋಗ್ರಾಂ ಹಾಕಿ ಪೆಟ್ಟಿಗೆ ಕಳಿಸಿ."

ಪ್ಯಾಕಿಂಗಿನ ದೊಡ್ಡಮ್ಮ, ನಮ್ಮೆಲ್ಲರಿಗಿಂತ ಹಿರಿಯಳು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ! ಹಾಗಾದ್ರೆ ಆ ಥರ್ಮಾಕೋಲ್ ವಿಷ್ಯ ನಂದೇನಾ? ನಾನು ನನಗೂ ದೊಡ್ಡವರಿಗೂ ಒಂದೇ ಸಲ ಹೊಳೀತು ಅಂತ ಐದು ವರ್ಷದಿಂದ ಹೆಮ್ಮೆ ಪಡ್ತಿದೀನಲ್ಲ!" ಅಂದಳು. ಅಲ್ಲೊಬ್ಬರು ಇಲ್ಲೊಬ್ಬರು ಪಿಸುಗುಟ್ಟತೊಡಗಿದರು. ಪರದೆಯ ಬೆಳಕು ತನ್ನದು ಅಂದ ಒಬ್ಬ, ಗುಂಡಿಯ ಗಾತ್ರ ತನ್ನದು ಅಂದಳು ಇನ್ನೊಬ್ಬಳು. ಈಗ ಇವರ ಬಂಡವಾಳ ಬಯಲಾಯಿತು, ಇನ್ನು ಕೂಗಾಟ ಶುರು ಅಂದುಕೊಂಡೆ. ಅಷ್ಟರಲ್ಲಿ ಮಾರಾಟದ ಮುಖ್ಯಸ್ಥ ಚಪ್ಪಾಳೆ ತಟ್ಟಿದ. "ಇಷ್ಟು ಜನರೆದುರು ತಪ್ಪು ಒಪ್ಕೊಳೋ ದೊಡ್ಡ ಮನಸ್ಸು ಯಾರಿಗಿದೆ ರೀ?" ಎಲ್ಲರೂ ತಟ್ಟಿದರು. ಇಡೀ ಹಾಲ್ ಗುಡುಗಿತು. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಳ್ಳತನ ಒಪ್ಪಿಕೊಂಡ ಮನುಷ್ಯ ಹತ್ತೇ ನಿಮಿಷದಲ್ಲಿ ಮೊದಲಿಗಿಂತ ಒಂದು ಗೇಣು ಎತ್ತರವಾಗಿದ್ದರು! ಥೂ, ಇದನ್ನೂ ಲೆಕ್ಕ ಹಾಕಿಯೇ ಹೇಳಿದರೋ ಏನೋ ಅನ್ನುವ ಅನುಮಾನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮಧ್ಯಾಹ್ನ ಕೋಣೆಗೆ ಕರೆದರು. ಬಾಗಿಲು ಹಾಕಿದ ಮೇಲೆ ನಾನು ಸರ್ ಅನ್ನಲಿಲ್ಲ.

"ಚೀಟಿ ನಂದು ಅಂತ ಗೊತ್ತಿತ್ತಾ ಭಾವ?"

"ಎಡಗೈಯಲ್ಲಿ ಬರೆದ್ರೆ ಅಕ್ಷರ ಬದಲಾಗುತ್ತೆ, ಅನುಮಾನ ಬದಲಾಗುತ್ತಾ? ಮೂರನೇ ಒಂದು ಪಾಲು, ಎರಡು ಹನಿ... ಹೀಗೆ ಅಳೆದು ತೂಗಿ ಅನುಮಾನ ಪಡೋರು ನೀನು ಬಿಟ್ರೆ ಇನ್ಯಾರು? ಹದಿನಾಲ್ಕು ವರ್ಷ. ನಿನ್ನ ಒಂದು ಚೀಟಿನೂ ಸುಳ್ಳಾಗಿರ್ಲಿಲ್ಲ."

"ಮತ್ತೆ ಗುರುವಾರ ನಾನೇ ಬಂದು ಹೇಳಿದ್ರೆ ಯಾಕೆ ನಂಬ್ಲಿಲ್ಲ?"

"ನನ್ನ ಮುಖ ನೋಡಿ ಹೆದರಿ ಮಾತು ಬದಲಾಯಿಸ್ತಿದೀಯ ಅಂದ್ಕೊಂಡೆ. ಮುಖಕ್ಕೆ ಹೇಳೋಕಾಗದ್ದನ್ನ ಡಬ್ಬಿಗೆ ಹಾಕ್ತೀಯ, ಅದೇ ನಿಜ ಅಂತ." ಕನ್ನಡಕ ಒರೆಸಿದರು. "ಕದ್ದೆ, ಹೌದು. ನಿಮ್ಮ ಹೆಸರಲ್ಲಿ ಹೇಳಿದ್ರೆ ನೂರು ಜನ ನೂರು ವಾದ ಮಾಡ್ತಿದ್ರು. ನನಗೆ ಕಾಣಿಸ್ತು ಅಂದ್ರೆ ಮೂರು ದಿನಕ್ಕೆ ಕೆಲಸ ಆಗ್ತಿತ್ತು. ಆಮೇಲಾಮೇಲೆ ಚೆನ್ನಾಗೂ ಇತ್ತು, ಸುಳ್ಳು ಯಾಕೆ ಹೇಳ್ಲಿ."

ನನಗೆ ಬಯ್ಯಬೇಕು ಅನ್ನಿಸಿತು. ಆದರೆ ನಮ್ಮ ಮನೆಯವರು, ಅಕ್ಕ, ಊರೆಲ್ಲ ನನ್ನ ಅನುಮಾನವನ್ನು ಕಂಡು ನಕ್ಕವರೇ. ಪ್ರತಿಯೊಂದನ್ನೂ ಹದಿನಾಲ್ಕು ವರ್ಷ ಅಕ್ಷರ ಅಕ್ಷರ ನಂಬಿದ್ದ ಮನುಷ್ಯ ಇವರೊಬ್ಬರೇ. ಅವರನ್ನೇ ನಾನು ನಂಬಿರಲಿಲ್ಲ.

"ಸಹಿ ಇನ್ಮೇಲೆ ಮೌನಿ ಹಾಕ್ಲಿ" ಅಂದರು ಭಾವ, ನನ್ನತ್ತ ನೋಡದೆ. "ಒಂದು ವಾರ ಅವನಿಗೆ ಕೆಲಸ ಕಲಿಸು. ಆಮೇಲೆ ಬೇರೆ ಏನಾದ್ರೂ ನೋಡೋಣ."

"ಸರಿ" ಅಂದೆ. ಸರಿಯೇ ಇತ್ತು.

ಬುಧವಾರ ಬೆಳಿಗ್ಗೆ ಹಳೆಯ ಪ್ರೋಗ್ರಾಮಿನ ಪೆಟ್ಟಿಗೆಗಳು ನನ್ನ ಮೇಜಿನ ಮೇಲೆ ಸಾಲಾಗಿದ್ದವು. ಕುರ್ಚಿಯಲ್ಲಿ ಮೌನಿ, ಪಕ್ಕದಲ್ಲಿ ನಾನು. ಮೊದಲ ಬಾಟಲಿಯಿಂದ ಹನಿ ಬೀಳತೊಡಗಿತು. ಇಬ್ಬರೂ ಎಣಿಸಿದೆವು. ಮಧ್ಯದಲ್ಲಿ ಲಾರಿ ಹಿಂದಕ್ಕೆ ಬರುವ ಸದ್ದಿಗೆ ಅವನು ತಿರುಗಿದ, ಎಣಿಕೆ ತಪ್ಪಿತು.

"ಎ... ಎಷ್ಟು ಬಂತು ಮೇಡಂ?"

"ಅರವತ್ತು."

ಅವನು ಪೆನ್ನನ್ನು ಕಾಗದಕ್ಕೆ ತಾಗಿಸಿದ, ಬರೆಯಲಿಲ್ಲ. ನನ್ನ ಮುಖ ನೋಡಿದ. ಅವನ ಕಿವಿ ಕೆಂಪಾಯಿತು.

"ಬೇ... ಬೇಜಾರು ಮಾಡ್ಕೋಬೇಡಿ" ಅಂದ. ಲೋಟ ಎತ್ತಿ ನೀರು ಚೆಲ್ಲಿ, ಒರೆಸಿ, ಮತ್ತೆ ಕೊಳವೆಯ ಕೆಳಗಿಟ್ಟು, ಒಂದರಿಂದ ಎಣಿಸತೊಡಗಿದ.

"ಇಲ್ಲಪ್ಪ, ಎಣಿಸು" ಅಂದೆ. ಅವನು ಮುಗಿಸುವವರೆಗೂ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.